ಪೆಟ್ಟಿಗೆಯ ಹೊರಗೆ ಬಿದ್ದ ಚುಕ್ಕಿ

ಈ ಹುಡುಗಿಗೂ ಪಾಯಿಂಟ್ ಸೊನ್ನೆ ಐದರೊಳಗೇ ಬೇಕು. ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಇಂದೂಗೆ ಅದು ಗೊತ್ತಾಗಿಹೋಯಿತು. ಪುಣೆಯ ಸದಾಶಿವ ಪೇಠದ ಈ ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಇಷ್ಟು ವರ್ಷ ಊರವರ ಪ್ರಬಂಧಗಳಿಗೆಲ್ಲ ಲೆಕ್ಕ ಹಾಕಿಕೊಟ್ಟ ಮೇಲೆ ಅಷ್ಟೂ ಗೊತ್ತಾಗದಿದ್ದರೆ ಹೇಗೆ? ದಂತವೈದ್ಯರಾಗಲಿ, ನರ್ಸಿಂಗ್ ಕಲಿಯುವವರಾಗಲಿ, ಎಂಬಿಎ ಹುಡುಗರಾಗಲಿ, ಎಲ್ಲರೂ ಬರುವುದು ಒಂದೇ ಥರ: ಕೈಯಲ್ಲಿ ಪೆನ್‌ಡ್ರೈವ್, ಕಣ್ಣಿನ ಕೆಳಗೆ ಕಪ್ಪು, ಬಾಯಲ್ಲಿ ಗೈಡಿನ ಹೆಸರು. ನಿಜಕ್ಕೂ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟೊಂದು ವ್ಯತ್ಯಾಸ ಸುಮ್ಮನೆ ಕಣ್ಣಿಗೆ ಬೀಳುವ ಸಂಭವ ಎಷ್ಟು ಅನ್ನುವುದನ್ನು ಸಾಫ್ಟ್‌ವೇರು ಒಂದು ಅಂಕಿಯಾಗಿ ಉಗುಳುತ್ತದೆ. ಆ ಅಂಕಿ ನೂರಕ್ಕೆ ಐದಕ್ಕಿಂತ ಕಡಿಮೆ ಬಂದರೆ ಮುಖ ಅರಳುತ್ತದೆ, ಮೇಲೆ ಹೋದರೆ ಕಣ್ಣಲ್ಲಿ ನೀರು. ಇಂದೂ ಈಗ ಅದಕ್ಕೆಲ್ಲ ಕರಗುವುದಿಲ್ಲ. ಕರಗುವುದೇನಿದ್ದರೂ ಮನೆಯಲ್ಲೇ ಕರಗಿ ಮುಗಿದಿರುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಆದರೆ ಅದೂ ಸುಳ್ಳು. ಬೆಳಿಗ್ಗೆ ಕೊಂಢವಾದ ಮನೆಯಲ್ಲಿ, ಬಸ್ಸು ತಪ್ಪುತ್ತದೆಂದು ಗಂಡನ ಅಂಗಿಯ ಗುಂಡಿಯನ್ನು ಅವನ ಬೆರಳುಗಳಿಂದ ಕಿತ್ತುಕೊಂಡವಳ ಹಾಗೆ ತಾನೇ ಹಾಕಿ, "ತಡೀರಿ, ನಿಮ್ಮ ಕೈಲೆ ಆಗೂದರಾಗ ಸಂಜೀ ಆಗ್ತದ" ಎಂದದ್ದು ಕರಗಿದವರ ಮಾತಲ್ಲ. ಪಂಢರಿನಾಥ ಕೈ ಕೆಳಗಿಳಿಸಿ ಗೋಡೆಯ ಕಡೆ ನೋಡುತ್ತ ಕೂತ, ಶಾಲೆಗೆ ಹೊರಡುವ ಮಗುವಿನ ಹಾಗೆ ಕುತ್ತಿಗೆ ಕೊಟ್ಟು. ಕುರಕುಂಭದ ಕೆಮಿಕಲ್ ಕಂಪನಿಯ ಪ್ರಯೋಗಶಾಲೆಯಲ್ಲಿ ಜೀವಮಾನವೆಲ್ಲ ಹನಿಹನಿ ಅಳೆದು ಸುರಿದ ಕೈ ಅದು. ಹೋದ ವರ್ಷ ಪಾರ್ಶ್ವವಾಯು ಬಡಿದು ಬಲಗೈಯೂ ನಾಲಗೆಯೂ ಒಟ್ಟಿಗೇ ಸೋತವು.

"ಮೇಡಂ, ನಾನು ರಂಜಿನಿ. ಫೋನ್ ಮಾಡಿದ್ನಲ್ಲ, ಫಿಸಿಯೋಥೆರಪಿ, ಫೈನಲ್ ಇಯರ್," ಎಂದಳು ಹುಡುಗಿ. ಮಂಡ್ಯದ ಕಡೆಯ ಕನ್ನಡ. ಪುಣೆಗೆ ಬಂದು ಮೂರು ವರ್ಷವಾದರೂ ಮರಾಠಿ ನಾಲಗೆಗೆ ಹತ್ತಿಲ್ಲವೆಂದು ಫೋನಿನಲ್ಲೇ ಹೇಳಿಕೊಂಡಿದ್ದಳು. ಕನ್ನಡದ ಮೇಡಂ ಸಿಕ್ಕಿದ್ದು ದೇವರು ಸಿಕ್ಕಹಾಗಾಯಿತಂತೆ. ದೇವರ ಸೊಂಟ ನೋಯುತ್ತಿತ್ತು. ಕೆಳಗಿನ ಅಂಗಡಿಯವನು "ಚಹಾ ಘೇಣಾರ್ ಕಾ, ಮ್ಯಾಡಮ್?" ಎಂದು ಕೂಗಿದ. "ನಕೋ," ಬೇಡ, ಎಂದು ಕೂಗಿ ಹೇಳಿ ಇಂದೂ ಪೆನ್‌ಡ್ರೈವ್ ಸಿಕ್ಕಿಸಿದಳು. ಪಾರ್ಶ್ವವಾಯು ಆದವರ ಅಧ್ಯಯನ ಎಂದು ಹುಡುಗಿ ಹೇಳತೊಡಗಿದಾಗ ಅವಳಿಗೆ ಏನೂ ಅನ್ನಿಸಲಿಲ್ಲ. ತಿಂಗಳಿಗೊಂದು ಅಂಥದ್ದು ಬರುತ್ತದೆ, ಮನೆಯಲ್ಲೇ ಅಂಥ ಒಬ್ಬನನ್ನು ನೋಡಿಕೊಳ್ಳುವವಳು ಪ್ರತಿಯೊಂದಕ್ಕೂ ಬೆಚ್ಚಿದರೆ ಅನ್ನ ಬೇಯುವುದಿಲ್ಲ. ಎರಡು ಗುಂಪು. ಒಂದಕ್ಕೆ ಆಸ್ಪತ್ರೆಯಲ್ಲಿ ಮಾತ್ರ ವ್ಯಾಯಾಮ. ಇನ್ನೊಂದಕ್ಕೆ ಆಸ್ಪತ್ರೆಯ ಜೊತೆಗೆ ಮನೆಯಲ್ಲೂ ಕೈಗೆ ಕೆಲಸ: ಚಮಚ ಹಿಡಿಯುವುದು, ನಲ್ಲಿ ತಿರುಗಿಸುವುದು, ಬಟ್ಟೆ ತೊಡುವುದು, ಮನೆಯವರು ಪಕ್ಕದಲ್ಲಿ ಕೂತು ಮಾಡಗೊಡಬೇಕು, ತಾವು ಮಾಡಿಬಿಡಬಾರದು. ಮೊದಲ ದಿನ ಒಮ್ಮೆ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಕೈಯ ಬಲ ಅಳೆದಿದ್ದಾಳೆ, ಎರಡೂ ಸಲ ಬದುಕು ಹೇಗನ್ನಿಸುತ್ತದೆಂದು ಒಂದಷ್ಟು ಪ್ರಶ್ನೆ ಕೇಳಿದ್ದಾಳೆ. ಒಂದು ಅಂದರೆ ಯಾವತ್ತೂ ಇಲ್ಲ, ಐದು ಅಂದರೆ ಯಾವಾಗಲೂ. ಬದುಕು ಹೇಗನ್ನಿಸುತ್ತದೆ ಎಂಬುದರ ಮೇಲೇ ಇಡೀ ಪ್ರಬಂಧ ನಿಂತಿದೆ.

"ಕೈ ಬಲ ಎಲ್ರದ್ದೂ ಇಂಪ್ರೂವ್ ಆಗಿದೆ ಮೇಡಂ, ಅದು ಸಿಗ್ನಿಫಿಕಂಟ್ ಬರತ್ತೆ. ಮೇನ್ ಇರೋದು ಕ್ವಾಲಿಟಿ ಆಫ್ ಲೈಫ್. ನಾನೇ ಮಾಡ್ ನೋಡ್ದೆ, ಬರ್ತಿಲ್ಲ. ಒಂದೇ ಒಂದು ಪೇಷಂಟ್ ಇಂದ. ಸರ್ ಹೇಳಿದ್ರು, ಮೇಡಂ ಹತ್ರ ಹೋಗು, ಅವರು ನೋಡ್ಕೋತಾರೆ ಅಂತ."

ನೋಡಿಕೊಳ್ಳುತ್ತಾರೆ. ಆ ಮಾತಿನ ಅರ್ಥ ಪೇಠದ ಗೋಡೆಗಳಿಗೂ ಗೊತ್ತು. ಇಂದೂ ಕೆಲಸಕ್ಕೆ ಇಳಿದಳು. ಮೌಸಿನ ಮೇಲೆ ಕೈ ತಾನೇ ತಾನಾಗಿ ಓಡುತ್ತದೆ. ಪ್ರತಿ ಕಾಲಮ್ಮಿಗೆ ಹೆಸರು ಕೊಟ್ಟಳು. ಉತ್ತರ ಸಿಗದ ಕಡೆ ಹುಡುಗಿ ತೊಂಬತ್ತೊಂಬತ್ತು ಎಂದು ತುಂಬಿದ್ದಳು. ಅದನ್ನು ಸಾಫ್ಟ್‌ವೇರಿಗೆ ಹೇಳದಿದ್ದರೆ ಅದು ತೊಂಬತ್ತೊಂಬತ್ತನ್ನೇ ಉತ್ತರವೆಂದು ನಂಬಿ ಸರಾಸರಿಯನ್ನು ಆಕಾಶಕ್ಕೇರಿಸುತ್ತದೆ, ಅಂಥ ಬೆಪ್ಪು ಅದು. ಹೇಳಿದಳು. "ಮನೆಯವರಿಗೆ ನಾನು ಹೊರೆ" ಎಂಬಂಥ ತಿರುಗುಮುರುಗಾದ ವಾಕ್ಯಗಳಲ್ಲಿ ಐದು ಬಂದರೆ ಅದು ಕೆಟ್ಟದ್ದು, ಉಳಿದವುಗಳಲ್ಲಿ ಐದು ಒಳ್ಳೆಯದು. ಹಾಗಾಗಿ ಅಂಥವನ್ನು ಮಗುಚಿ, ಐದನ್ನು ಒಂದು ಮಾಡಿ ಒಂದನ್ನು ಐದು ಮಾಡಿ, ಆಮೇಲೇ ಕೂಡಿಸಬೇಕು. ಕೂಡಿಸಿದಳು. ಎರಡು ಗುಂಪುಗಳ ಸರಾಸರಿ ಹೋಲಿಸುವ ಟೀ ಟೆಸ್ಟ್ ಓಡಿಸಿದಳು. ಪಾಯಿಂಟ್ ಸೊನ್ನೆ ಎಂಟು. ಅಂಕಿಗಳ ಹರಹನ್ನು ಪೆಟ್ಟಿಗೆಯ ಆಕಾರದಲ್ಲಿ ತೋರಿಸುವ ಚಿತ್ರ ತೆರೆಯಿತು. ಎರಡು ಪೆಟ್ಟಿಗೆಗಳು ಅಕ್ಕಪಕ್ಕ, ಎರಡನೆಯದು ಚೆಂದಾಗಿ ಮೇಲಕ್ಕೆದ್ದಿತ್ತು, ಆದರೆ ಅದರ ಬಹಳ ಕೆಳಗೆ, ಎಲ್ಲರಿಂದ ದೂರ, ಒಂದು ಚುಕ್ಕಿ ಬಿದ್ದಿತ್ತು. ಪಕ್ಕದಲ್ಲಿ ಇಪ್ಪತ್ತೇಳು ಎಂದು ಸಾಲಿನ ಸಂಖ್ಯೆ.

"ಇದೇ ಮೇಡಂ," ಎಂದು ರಂಜಿನಿ ಪರದೆಯ ಮೇಲೆ ಉಗುರಿಟ್ಟಳು. "ಇದನ್ನ ತೆಗೆದ್ರೆ ಪಾಯಿಂಟ್ ಸೊನ್ನೆ ಮೂರು ಬರತ್ತೆ. ನೋಡ್ದೆ ನಾನು."

ಇಂಥವನ್ನು ತೆಗೆಯುವುದು ಇಂದೂಗೆ ಹೊಸದಲ್ಲ. ಸಾಲಿನ ಸಂಖ್ಯೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಅಳಿಸು ಎಂದರೆ ಮುಗಿಯಿತು. ಕೆಳಗಿನ ಸಾಲುಗಳೆಲ್ಲ ಒಂದು ಹೆಜ್ಜೆ ಮೇಲೆ ಸರಿದು, ಅಲ್ಲಿ ಯಾರೂ ಇರಲೇ ಇಲ್ಲ ಅನ್ನುವ ಹಾಗೆ ಕೂತುಬಿಡುತ್ತವೆ. ಪ್ರಬಂಧದಲ್ಲಿ ಒಂದು ವಾಕ್ಯ ಸೇರಿಸಲು ಹೇಳುತ್ತಾಳೆ: ಒಬ್ಬ ರೋಗಿ ಅಧ್ಯಯನವನ್ನು ನಡುವೆ ಬಿಟ್ಟುಹೋದರು. ಯಾರು ಕೇಳುತ್ತಾರೆ? ಮೊದಮೊದಲು ಮನಸ್ಸು ಕಚ್ಚುತ್ತಿತ್ತು. ಮನೆಗೆ ಹೋಗಿ ಊಟಕ್ಕೆ ಕೂತಾಗ ಪಂಢರಿನಾಥನೆದುರು ಆಡಿಯೂ ಆಡುತ್ತಿದ್ದಳು: ಇವತ್ತ ಒಬ್ಬನ್ನ ತಗದೆ ನೋಡ್ರಿ, ಹುಡುಗನ ಪದವಿ ಉಳೀತು. ಅವನು ಗಟ್ಟಿಯಾಗಿ ನಗುತ್ತಿದ್ದ, ಲ್ಯಾಬಿನವನ ನಗು. "ನಮ್ಮಲ್ಲಿ ಹಂಗ ಮಾಡಿದ್ರ ಟ್ಯಾಂಕ ಸಿಡೀತದ," ಅನ್ನುತ್ತಿದ್ದ. ಆಗ ಅವನ ಮಾತು ಅವಳ ಮಾತಿಗಿಂತ ಜೋರು ಓಡುತ್ತಿತ್ತು. ಈಗ ಒಂದೊಂದು ಶಬ್ದಕ್ಕೂ ತಿಣುಕುತ್ತಾನೆ, ಮತ್ತೆ ಅವಳು, ಪುಣ್ಯಾತ್ಗಿತ್ತಿ, ಆ ಶಬ್ದವನ್ನು ಅವನ ಬಾಯಿಂದ ಮೊದಲೇ ಕಸಿದು ತಾನೇ ಆಡಿ ಮುಗಿಸುತ್ತಾಳೆ. "ನೀ... ನೀ..." ಅಂದರೆ "ನೀರ ಬೇಕೇನು?" ಅವನಿಗೆ ಬೇಕಾದದ್ದು ನೀರೇ ಆಗಿತ್ತೋ ಏನೋ; ಕೊಟ್ಟರೆ ಕುಡಿಯುತ್ತಾನೆ.

ಬಲಗುಂಡಿ ಒತ್ತುವ ಮೊದಲು, ಅಭ್ಯಾಸಬಲದಿಂದಲೇ, ಅವಳು ಆ ಸಾಲನ್ನು ಒಮ್ಮೆ ಓದಿದಳು. ಟೈಪು ಮಾಡುವಾಗ ಅಂಕಿ ತಪ್ಪಿರಬಹುದು, ಐದರ ಜಾಗದಲ್ಲಿ ಸೊನ್ನೆ ಬಿದ್ದಿರಬಹುದು. ಹೆಸರಿರಲಿಲ್ಲ, ಹೆಸರಿರಬಾರದು ಎಂಬುದೇ ನಿಯಮ. ಗಂಡಸು. ಅರವತ್ತೊಂದು. ಬಲಭಾಗ. ಊರು ಕೊಂಢವಾ. ಉದ್ಯೋಗ: ನಿವೃತ್ತ, ಕೆಮಿಕಲ್, ಕುರಕುಂಭ. ಇಷ್ಟಾದರೂ ಅವಳು ನಂಬಲಿಲ್ಲ. ಕುರಕುಂಭದಿಂದ ನಿವೃತ್ತರಾದವರು ಕೊಂಢವಾದಲ್ಲಿ ಇನ್ನೊಬ್ಬರಿರಬಾರದೇ, ಅವರಿಗೂ ಬಲಗೈ ಬೀಳಬಾರದೇ? ಮುಂದಿನ ಕಾಲಮ್ಮು, ಜೊತೆಗೆ ಬಂದವರು. ಎಲ್ಲರ ಸಾಲಿನಲ್ಲೂ ಹೆಂಡತಿ, ಮಗ, ಸೊಸೆ, ಹೆಂಡತಿ, ಹೆಂಡತಿ. ಇಪ್ಪತ್ತೇಳನೆಯದರಲ್ಲಿ ಆಟೋ ಡ್ರೈವರ್ ಎಂದಿತ್ತು. ಇಂದೂಳ ಕಿವಿ ಬಿಸಿಯಾಯಿತು. ರಿಕ್ಷಾದ ಸಂಜು. ಅವಳೇ ಗೊತ್ತು ಮಾಡಿದವನು. ಪಾಪ, ಒಳ್ಳೆಯವನು, ಕೈಹಿಡಿದು ಇಳಿಸುತ್ತಾನೆ, ಮುಗಿಯುವ ತನಕ ಹೊರಗೆ ಕಾಯುತ್ತಾನೆ ಎಂದು ತಂಗಿಯೊಂದಿಗೆ ಫೋನಿನಲ್ಲಿ ಹೊಗಳಿದ್ದಳು. ಆಸ್ಪತ್ರೆಯಲ್ಲಿ ನಮ್ಮ ಭಾಷೆಯ ಒಂದು ಹುಡುಗಿ ಅದಾಳ, ಏನೇನೋ ಕೇಳ್ತಾಳ ಎಂದು ಪಂಢರಿನಾಥ ಒಂದು ಸಂಜೆ ಬಹಳ ಹೊತ್ತು ಕಷ್ಟಪಟ್ಟು ಹೇಳಲು ನೋಡಿದ್ದ. ಅವಳು ಬೇಳೆ ತೊಳೆಯುತ್ತ ಹೂಂ ಹೂಂ ಅಂದಿದ್ದಳು. ಮನೆಯಲ್ಲಿ ಮಾಡಿಸಬೇಕಾದ್ದರ ಹಾಳೆಯೊಂದನ್ನೂ ಸಂಜು ತಂದುಕೊಟ್ಟಿದ್ದ, ಅದು ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ಓದಿದ್ದಳು, ಒಳ್ಳೆಯದೇ ಬರೆದಿದ್ದಾರೆ ಅಂದುಕೊಂಡಿದ್ದಳು, ಮಾರನೆಯ ದಿನವೂ ಚಮಚ ತಾನೇ ಹಿಡಿದಿದ್ದಳು. ಹೊತ್ತಾಗುತ್ತದಲ್ಲ. ಎಲ್ಲದಕ್ಕೂ ಹೊತ್ತಾಗುತ್ತದೆ.

"ಏನಾಯ್ತು ಮೇಡಂ, ಎಂಟ್ರಿ ತಪ್ಪಾಗಿದ್ಯಾ?" ಎಂದಳು ರಂಜಿನಿ, ಆಸೆಯಿಂದ.

"ನೋಡ್ತೀನಿ, ತಡೀವಾ."

ಕೈಯ ಬಲದ ಕಾಲಮ್ಮು ಮೊದಲು ಕಂಡಿತು, ಮತ್ತು ಅದು ಅವಳಿಗೆ ಅರ್ಥವಾಗಲಿಲ್ಲ. ಮೂರು ತಿಂಗಳಲ್ಲಿ ಸುಮಾರು ಎರಡರಷ್ಟಾಗಿತ್ತು. ಗುಂಪಿನ ಸರಾಸರಿಗಿಂತ ಮೇಲೆ. ಈ ಕೈಯೇ? ಬೆಳಿಗ್ಗೆ ಗುಂಡಿಯ ಹತ್ತಿರ ಅಲ್ಲಾಡುತ್ತಿದ್ದ ಈ ಕೈಯೇ? ಅವಳು ಮುಂದಿನ ಕಾಲಮ್ಮುಗಳಿಗೆ ಹೋದಳು, ಒಂದೊಂದೇ ಪ್ರಶ್ನೆ, ಎಡಗಡೆ ಮೊದಲ ದಿನದ ಉತ್ತರ, ಬಲಗಡೆ ಮೂರು ತಿಂಗಳಿನದು. ನನ್ನ ಮಾತನ್ನು ಮನೆಯಲ್ಲಿ ಪೂರ್ತಿ ಕೇಳಿಸಿಕೊಳ್ಳುತ್ತಾರೆ: ಐದು, ಆಮೇಲೆ ಒಂದು. ನನ್ನ ನಿಧಾನಕ್ಕೆ ಮನೆಯವರು ಸಿಟ್ಟಾಗುತ್ತಾರೆ: ಒಂದು, ಆಮೇಲೆ ಐದು. ಮನೆಯವರಿಗೆ ನಾನು ಹೊರೆ: ಒಂದು, ಐದು. ಒಬ್ಬನೇ ಇದ್ದಾಗ ಹಗುರ ಅನ್ನಿಸುತ್ತದೆ: ಒಂದು, ಐದು. ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು. ಕೂಡಲೇ ಅವಳೊಳಗಿನ ಲೆಕ್ಕದವಳು ಎದ್ದು ನಿಂತಳು: ಇದು ಹೀಗಿರಲು ಸಾಧ್ಯವಿಲ್ಲ, ಹುಡುಗಿ ಎರಡನೆಯ ಸಲ ಅಂಕಿಗಳನ್ನು ತಿರುಗುಮುರುಗು ತುಂಬಿದ್ದಾಳೆ. ಆಗುತ್ತದೆ. ಬೇಕಾದಷ್ಟು ಸಲ ನೋಡಿದ್ದಾಳೆ, ದಣಿದ ಮಕ್ಕಳು ಒಂದನ್ನು ಯಾವಾಗಲೂ ಎಂದು, ಐದನ್ನು ಯಾವತ್ತೂ ಇಲ್ಲ ಎಂದು ತಿಳಿದು ಇಡೀ ರೋಗಿಯನ್ನೇ ಮಗುಚಿ ಹಾಕಿರುತ್ತಾರೆ. ಮತ್ತೊಮ್ಮೆ ಮಗುಚಿದರೆ ಆಯಿತು. ಮಗುಚಿದರೆ ಮಾತು ಪೂರ್ತಿ ಕೇಳಿಸಿಕೊಳ್ಳುತ್ತಾರೆ, ಸಿಟ್ಟಾಗುವುದಿಲ್ಲ, ಹೊರೆಯಲ್ಲ. ಹುಡುಗಿಯ ಅಂಕಿಯೂ ಸೊನ್ನೆ ಐದರೊಳಗೆ ಇಳಿಯುತ್ತದೆ, ಯಾರನ್ನೂ ಅಳಿಸಬೇಕಾಗಿಲ್ಲ. ಎಂಥ ಸುಲಭ! ಇಷ್ಟು ವರ್ಷಗಳಲ್ಲಿ ಒಂದು ತಪ್ಪು ಸಿಗಲಿ ಎಂದು ಅವಳು ಹೀಗೆ ಬೇಡಿಕೊಂಡದ್ದಿಲ್ಲ.

"ರಂಜಿನಿ, ಇವರದು ಎರಡನೇ ಸಲ ತುಂಬುವಾಗ ಉಲ್ಟಾ ಮಾಡೀಯೇನು? ಐದು ಅಂದ್ರ ಯಾವಾಗ್ಲೂ, ಹೌದಲ್ಲೋ?"

"ಇಲ್ಲ ಮೇಡಂ, ಕರೆಕ್ಟಾಗಿ ತುಂಬಿದೀನಿ. ಇವರು ನಂಗೆ ಚೆನ್ನಾಗಿ ನೆನಪಿದಾರೆ." ಹುಡುಗಿ ನಕ್ಕಳು. "ಪಾಪ, ತುಂಬಾ ಸ್ವೀಟ್ ಅಂಕಲ್. ಮೊದಲನೇ ಸಲ ಎಲ್ಲಾದಕ್ಕೂ ಚೆನ್ನಾಗಿದೆ, ಚೆನ್ನಾಗಿದೆ ಅಂತಾನೇ ಹೇಳಿದ್ರು. ಎರಡನೇ ಸಲಾನೂ ಹಾಗೇ ಶುರು ಮಾಡಿದ್ರು. ನಡುವೆ ನಿಲ್ಲಿಸಿ, ಇದನ್ನ ಯಾರು ನೋಡ್ತಾರೆ ಅಂತ ಕೇಳಿದ್ರು. ಮಾತು ಬರಲ್ಲ ಅಷ್ಟು, ಕೇಳೋದಕ್ಕೇ ಎಷ್ಟೋ ಹೊತ್ತಾಯ್ತು. ನಾನು, ಹೆಸರೇನೂ ಇರಲ್ಲ ಅಂಕಲ್, ಸದಾಶಿವ ಪೇಠದಲ್ಲಿ ಇಂದೂ ಮೇಡಂ ಅಂತ ಇದಾರೆ, ನಮ್ ಕಾಲೇಜಿನೋರದ್ದೆಲ್ಲ ಅವರೇ ಅನಾಲಿಸಿಸ್ ಮಾಡೋದು, ನಮ್ಮ ಕನ್ನಡದೋರೇ ಅಂದೆ."

"ಆಮ್ಯಾಲೆ?"

"ಸುಮ್ನೆ ಕೂತ್ರು ಸ್ವಲ್ಪ ಹೊತ್ತು. ನಾನು ಸುಸ್ತಾಯ್ತೇನೋ ಅಂದ್ಕೊಂಡೆ. ಆಮೇಲೆ, ಮೊದಲಿಂದ ಕೇಳು ಅಂದ್ರು. ಮತ್ತೆ ಎಲ್ಲಾ ಕೇಳ್ದೆ. ಎಲ್ಲಾದಕ್ಕೂ ಬೇರೆ ಹೇಳಿದ್ರು. ಬೆರಳು ತೋರಿಸಿ ಹೇಳೋರು, ಐದು, ಒಂದು ಅಂತ. ಆ ಬಲಗೈ ಬೆರಳೇ ಮೇಡಂ, ಅಷ್ಟು ಚೆನ್ನಾಗಿ ಬಂದಿದೆ ಕೈ. ಶರ್ಟ್ ಬಟನ್ ಅವರೇ ಹಾಕೋತಾರೆ ಈಗ, ನಿಧಾನಕ್ಕೆ, ಮನೇಲಿ ಒಬ್ರೇ ಇದ್ದಾಗ ಅಭ್ಯಾಸ ಮಾಡಿದ್ರಂತೆ. ನಾನು ವಿಡಿಯೋ ಮಾಡ್ಕೊಂಡಿದೀನಿ, ತೋರಿಸ್ಲಾ?"

"ಬ್ಯಾಡ."

ಬೇಡವೆಂದ ದನಿ ಬಿರುಸಾಗಿತ್ತು, ಹುಡುಗಿ ಮೊಬೈಲನ್ನು ಮಡಿಲಿಗಿಳಿಸಿದಳು. ಹೊರಗೆ ಓಣಿಯಲ್ಲಿ ಕ್ಲಾಸು ಬಿಟ್ಟ ಹುಡುಗರ ಸ್ಕೂಟರುಗಳು ಒಂದರ ಮೇಲೊಂದು ಹಾರ್ನ್ ಹಾಕುತ್ತಿದ್ದವು. ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ. ಒಂದೇ ಮನೆಯಲ್ಲಿ ಎದುರಾಬದುರು ಕೂತು ಉಣ್ಣುವ ಮನುಷ್ಯ, ತನ್ನ ಹೆಂಡತಿಗೆ ಒಂದು ಮಾತು ಮುಟ್ಟಿಸಬೇಕಾದರೆ ಮಂಡ್ಯದ ಹುಡುಗಿಯನ್ನು ಹಿಡಿದು, ಅಂಕಿಗಳಾಗಿ, ಪೆನ್‌ಡ್ರೈವಿನಲ್ಲಿ ಕೂತು, ಇಷ್ಟು ದೂರ ಬರಬೇಕಾಯಿತೇ? ಬೇರೆ ಯಾವುದನ್ನೂ ಅವಳು ಪೂರ್ತಿ ಕೇಳುವುದಿಲ್ಲ, ಇದನ್ನಾದರೂ ಓದುತ್ತಾಳೆ ಅಂದುಕೊಂಡಿರಬೇಕು. ಅವಳಿಗೆ ನಾಚಿಕೆಯಾಯಿತು, ಅದರ ಹಿಂದೆಯೇ, ಹೇಳಲು ಹೇಸಿಗೆ, ಸಿಟ್ಟೂ ಬಂತು. ಯಾರು ಇವನ ಸಲುವಾಗಿ ಸಾಯುತ್ತಿದ್ದಾರೆ? ಬೆಳಗಾಗೆದ್ದು ಸ್ನಾನ ಮಾಡಿಸಿ, ಬಟ್ಟೆ ಹಾಕಿ, ತಿನ್ನಿಸಿ, ಎರಡು ಬಸ್ಸು ಬದಲಾಯಿಸಿ, ಊರ ಮಕ್ಕಳ ಅಂಕಿಗಳ ನಡುವೆ ಬೆನ್ನು ಮುರಿದುಕೊಂಡು ಮತ್ತೆ ಹೋಗಿ ಬೇಯಿಸುವವಳು ಯಾರು? ಅವಳಿಗೂ ಒಂದು ಪ್ರಶ್ನೆಪತ್ರಿಕೆ ಕೊಡಲಿ, ಅವಳೂ ಐದು ಬೆರಳು ಎತ್ತಿ ತೋರಿಸುತ್ತಾಳೆ. ಸಿಟ್ಟು ಬಂದಷ್ಟೇ ಬೇಗ ಇಳಿದೂ ಹೋಯಿತು. ಅಷ್ಟು ಹೊತ್ತು ಸಿಟ್ಟು ಹಿಡಿದಿಟ್ಟುಕೊಳ್ಳುವ ತ್ರಾಣವೂ ಇರಲಿಲ್ಲ. ಉಳಿದದ್ದು ಆ ಸಾಲು ಮಾತ್ರ, ನೀಲಿ ಬಣ್ಣ ಬಳಿದುಕೊಂಡು, ಅಳಿಸು ಅನ್ನುವುದಕ್ಕೆ ಸಿದ್ಧವಾಗಿ.

ಇನ್ನೊಂದು ದಾರಿಯಿತ್ತು. ಅಂಕಿಗಳನ್ನು ಬಿಟ್ಟು ಅವುಗಳ ಸ್ಥಾನವನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಪರೀಕ್ಷೆ, ಮ್ಯಾನ್ ವಿಟ್ನಿ. ಅದರಲ್ಲಿ ಒಬ್ಬ ಎಷ್ಟೇ ಕೆಳಗೆ ಬಿದ್ದಿರಲಿ, ಎಲ್ಲರಿಗಿಂತ ಕೊನೆಯವನು ಅಷ್ಟೇ, ಬಿದ್ದ ಆಳವನ್ನು ಅದು ಕೇಳುವುದಿಲ್ಲ. ನ್ಯಾಯವಾದ ದಾರಿ. ಓಡಿಸಿದಳು. ಪಾಯಿಂಟ್ ಸೊನ್ನೆ ಆರು, ಇನ್ನೂ ಐದರ ಮೇಲೇ. ರಂಜಿನಿ ಉಸಿರು ಬಿಟ್ಟದ್ದು ಕೇಳಿಸಿತು.

"ಇವರನ್ನ ತಗಿಯೂದಿಲ್ಲ," ಎಂದಳು ಇಂದೂ.

"ಯಾಕೆ ಮೇಡಂ?"

"ಅವರು ಬಿಟ್ಟು ಹೋಗಿಲ್ಲ. ಬಂದಾರ, ಉತ್ತರಾ ಕೊಟ್ಟಾರ. ಹೆಂಗ ತಗೀಲಿ? ಬಂದದ್ದನ್ನ ಬರದು ಕೊಡು. ಕೈ ಸುಧಾರಸ್ತದ, ಆದ್ರ ಬದುಕು ಸುಧಾರಸ್ತದ ಅನ್ನಲಿಕ್ಕೆ ಆಗೂದಿಲ್ಲ. ಅದೂ ಒಂದು ಫಲಿತಾಂಶನ."

ಹುಡುಗಿಯ ಮುಖ ಕೆಂಪಾಯಿತು. "ಎಲ್ರಿಗೂ ಮಾಡ್ಕೊಡ್ತೀರಂತೆ. ನಮ್ ಸೀನಿಯರ್ ಒಬ್ರಿಗೆ ಮೂರು ಪೇಷಂಟ್ ತೆಗೆದ್ರಂತೆ. ನಂಗೆ ಮಾತ್ರ ಈ ರೂಲ್ಸಾ? ಸರ್ ಮುಂದೆ ಏನಂತ ಹೋಗ್ಲಿ ನಾನು?"

"ಖರೇ, ಮಾಡಿಕೊಟ್ಟೇನಿ," ಎಂದಳು ಇಂದೂ. ಹುಡುಗಿ ಆಡಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಆ ಮೂವರು ಯಾರಾಗಿದ್ದರೋ, ಅವರಿಗೆ ಯಾರಿದ್ದರೋ. "ನಿಮ್ಮ ಸರ್ ಕೇಳಿದ್ರ ನನಗ ಫೋನ್ ಹಚ್ಚಲಿಕ್ಕೆ ಹೇಳು. ನಾ ಮಾತಾಡ್ತೀನಿ. ಬೈಸಿಕೊಳ್ಳೂದಿದ್ರ ನಾ ಬೈಸಿಕೋತೀನಿ."

ರಂಜಿನಿ ಪೆನ್‌ಡ್ರೈವ್ ಕಿತ್ತು ಬ್ಯಾಗಿಗೆ ಹಾಕಿದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಏನೋ ಹೊಳೆದವಳ ಹಾಗೆ ತಿರುಗಿದಳು. "ಮೇಡಂ, ಆ ಅಂಕಲ್ ನಿಮಗೆ ಗೊತ್ತಿರೋರಾ?"

"ಇಲ್ಲವಾ," ಎಂದುಬಿಟ್ಟಳು ಇಂದೂ. "ಗೊತ್ತಿಲ್ಲ." ಹುಡುಗಿ ಇಳಿದುಹೋದ ಮೇಲೂ ಆ ಮಾತು ಕೋಣೆಯಲ್ಲೇ ಉಳಿಯಿತು, ಮತ್ತು ಅದನ್ನು ಪೂರ್ತಿ ಸುಳ್ಳೆನ್ನಲು ಅವಳಿಗೆ ಧೈರ್ಯ ಬರಲಿಲ್ಲ.

ಆಮೇಲೆ ಬಂದ ಇಬ್ಬರನ್ನು ನಾಳೆ ಬನ್ನಿ ಎಂದು ಕಳಿಸಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಎಂದೂ ಸಿಗದ್ದು. ಸ್ವಾರಗೇಟಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯುವಾಗ ಮನೆಗೆ ಹೋಗುವುದೇ ಬೇಡವೆನ್ನಿಸಿತು. ಹೋಗಿ ಏನೆನ್ನಬೇಕು? ತಪ್ಪಾತ್ರಿ ಅಂದರೆ ಅವನು ತಲೆಯಲ್ಲಾಡಿಸಿ ಹೇ, ಏನಿಲ್ಲ ಎಂಬಂತೆ ಕೈ ಬೀಸುತ್ತಾನೆ, ನಾಳೆ ಬೆಳಿಗ್ಗೆ ಮತ್ತೆ ಬಸ್ಸು, ಮತ್ತೆ ಹೊತ್ತು. ತಾನು ನಾಳೆಯಿಂದ ಬದಲಾಗುತ್ತೇನೆ ಎಂದು ಅವಳಿಗೆ ನಂಬಿಕೆಯಿರಲಿಲ್ಲ. ಎಷ್ಟು ದಣಿವಿದೆ ಎಂಬುದು ಅವಳಿಗೇ ಗೊತ್ತು. ಆದರೂ ಒಂದು ಕಳ್ಳ ಆಸೆ, ಟೈಪಿನ ತಪ್ಪಿಗಾಗಿ ಬೇಡಿಕೊಂಡಂಥದ್ದೇ, ಬಸ್ಸಿನ ಜೊತೆ ಅಲುಗಾಡುತ್ತ ಬಂತು: ಅವನು ತಮಾಷೆಗೆ ಹೇಳಿರಬಹುದು. ಅವಳ ಲೆಕ್ಕ ಕೆಡಿಸಿ ನಗೋಣವೆಂದು. ಮೊದಲು ಅಂಥವನೇ ಇದ್ದ.

ಬಾಗಿಲು ತೆರೆದಾಗ ಪಂಢರಿನಾಥ ಬಾಲ್ಕನಿಯ ಕುರ್ಚಿಯಲ್ಲಿ, ಎದುರಿಗೆ ಕಟ್ಟುತ್ತಿದ್ದ ಬಿಲ್ಡಿಂಗಿನ ಕಡೆ ಮುಖ ಮಾಡಿ ಕೂತಿದ್ದ. ಇನ್ನೂ ಬಿಸಿಲಿತ್ತು. ಇಷ್ಟು ಬೇಗ ಬಂದವಳನ್ನು ನೋಡಿ, ಅವನ ಮುಖ ಮೊದಲು ಹೆದರಿತು, ಆಮೇಲೆ ಏನೋ ಲೆಕ್ಕ ಹಾಕಿತು.

"ಆ... ಹುಡುಗಿ," ಎಂದ. ಇಂದೂಳ ನಾಲಗೆಯ ತುದಿಗೆ ಉಳಿದದ್ದು ಬಂದೇಬಿಟ್ಟಿತ್ತು. ಕಚ್ಚಿ ಹಿಡಿದಳು. ಅವನು ಶಬ್ದ ಹುಡುಕಿದ, ತುಟಿ ಸೊಟ್ಟಗೆ ಮಾಡಿ, ಕಣ್ಣು ಮುಚ್ಚಿ, ತೆಗೆದು. ಎದುರಿನ ಬಿಲ್ಡಿಂಗಿನಲ್ಲಿ ಒಬ್ಬ ಇಟ್ಟಿಗೆಯ ಬುಟ್ಟಿಯನ್ನು ಮೇಲಿನವನಿಗೆ ಮುಟ್ಟಿಸಿ ಇನ್ನೊಂದಕ್ಕೆ ಬಾಗಿದ. "ಹುಡುಗಿ... ಬಂದಿದ್ಲೇನ?"

"ಬಂದಿದ್ಲು."

"ನನ್ನ... ತಗದಿ?"

ಅವನು ಕೇಳಿದ್ದರಲ್ಲಿ ಆಪಾದನೆಯೇನೂ ಇರಲಿಲ್ಲ. ಹಾಗೆ ಮಾಡುವುದು ಅವಳ ಕೆಲಸ, ಅದರಿಂದ ಒಂದು ಹುಡುಗಿ ಪಾಸಾಗುತ್ತಾಳೆ, ಅಷ್ಟೇ ಎಂಬಂತೆ ಕೇಳಿದ್ದ.

"ಇಲ್ರಿ. ತಗೀಲಿಲ್ಲ. ಇದ್ದೀರಿ."

ಅವನು ಕುರ್ಚಿಯಲ್ಲೇ ಅವಳ ಕಡೆ ತಿರುಗಿದ. "ಆಕೀಗೆ... ಬರಲಿಲ್ಲ?"

"ಬರಲಿಲ್ಲ."

"ಅಯ್ಯ. ಪಾಪ," ಎಂದ, ನಿಜವಾಗಿಯೂ ನೊಂದು. ಈಗಲೇ ಕೇಳಬೇಕು, ಒಳಗೆ ಹೋಗಿ ಕುಕ್ಕರಿಟ್ಟರೆ ಮತ್ತೆ ಈ ಜನ್ಮದಲ್ಲಿ ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ನೀವು ಬರಸಿದ್ದು," ಎಂದಳು, "ಅದು ಖರೇ ಏನ್ರಿ?"

ಇಲ್ಲ ಅನ್ನಲಿ, ತಮಾಷಿ ಅನ್ನಲಿ, ಮೊದಲಿನ ಹಾಗೆ ಗಟ್ಟಿಯಾಗಿ ನಕ್ಕುಬಿಡಲಿ. ಅವನ ಬಲಗೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು, ಗಟ್ಟಿಯಾಗಿಯೇ ಹಿಡಿದುಕೊಂಡಿತು. ತುಟಿ ಕೂಡಿತು, ಬಿಟ್ಟಿತು. ಅವಳು ಕಾದಳು. ಅವನ ಪರವಾಗಿ ಆಡಲು ಈ ಸಲ ಅವಳ ಹತ್ತಿರ ಯಾವ ಶಬ್ದವೂ ಇರಲಿಲ್ಲ.

"ಖರೇ," ಎಂದ ಪಂಢರಿನಾಥ. ಆಮೇಲೆ ಗಾಬರಿಯಿಂದ, ಮಾತು ಎಂದಿಗಿಂತ ಬೇಗ ಹೊರಬಿತ್ತು: "ಸಿಟ್ಟ... ಸಿಟ್ಟ ಆಗಬ್ಯಾಡ."

ಅವಳಿಗೆ ಸಿಟ್ಟು ಬಂದಿರಲಿಲ್ಲ. ಆದರೆ ಅದನ್ನು ಅವನಿಗೆ ನಂಬಿಸುವುದು ಹೇಗೆಂದು ತಿಳಿಯದೆ, ಹೆಗಲ ಮೇಲಿನ ಬ್ಯಾಗನ್ನು ಕೆಳಗಿಡುವುದನ್ನೂ ಮರೆತು, ಅವನೆದುರು ನಿಂತೇ ಇದ್ದಳು.